ಡ್ರೈ ರನ್ ದೀಪ ಉರಿಯುತ್ತಿತ್ತು, ಮೋಟಾರೂ ಓಡುತ್ತಿತ್ತು

ಹೋದ ಏಪ್ರಿಲ್‌ನಲ್ಲಿ ನಮ್ಮನೆ ಬೋರಿನ ಮೋಟಾರು ಸುಟ್ಟಿತು. ಅದೇನು ಮಹಾ, ಬೇಸಿಗೆ ಬಂದರೆ ಬೀದಿಗೊಂದು ಮೋಟಾರು ಸುಡುತ್ತದೆ ಅಂತೀರಿ. ಆದರೆ ನಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಡ್ರೈ ರನ್ ಪ್ರೊಟೆಕ್ಷನ್, ಅಂದರೆ ಬೋರಲ್ಲಿ ನೀರು ಮುಗಿದರೆ ಮೋಟಾರು ನಿಲ್ಲಿಸುವ ವ್ಯವಸ್ಥೆ, ಇತ್ತು. ಇತ್ತು ಅಷ್ಟೇ ಅಲ್ಲ, ತನ್ನ ಕೆಲಸವನ್ನೂ ಮಾಡಿತ್ತು. ಮದುವೆ ಮುಗಿಸಿಕೊಂಡು ಸಂಜೆ ಬಂದು ನೋಡಿದರೆ ಪೆಟ್ಟಿಗೆ ಮೇಲೆ 'ಡ್ರೈ ರನ್' ಅಂತ ಬರೆದ ಕೆಂಪು ದೀಪ ಉರಿಯುತ್ತಿದೆ, ಆಂಪ್ಸ್ ಮೀಟರಿನ ಮುಳ್ಳು ಐದರ ಹತ್ತಿರ ನಿಂತಿದೆ, ಮೇಲೆ ಟ್ಯಾಂಕಿಗೆ ಒಂದು ತೊಟ್ಟೂ ಬೀಳುತ್ತಿಲ್ಲ. ನೀರಿಲ್ಲ ಅಂತ ಪೆಟ್ಟಿಗೆಗೆ ಗೊತ್ತಾಗಿದೆ, ಆದರೂ ಮೋಟಾರು ಓಡುತ್ತಲೇ ಇದೆ.

ಮಾರನೇ ದಿನ ಮೋಟಾರು ಎತ್ತಿಸಿದೆವು. ಪಂಪು ಬಿಚ್ಚಿದಾಗ ಒಳಗೆ ತಿರುಗಿ ನೀರನ್ನು ಮೇಲಕ್ಕೆ ತಳ್ಳುವ ಪ್ಲಾಸ್ಟಿಕ್ ಚಕ್ರಗಳು, ಅಂದರೆ ಇಂಪೆಲ್ಲರ್‌ಗಳು, ಬೆಂಕಿಗೆ ಹಿಡಿದ ಬಳೆಗಳ ಹಾಗೆ ಸೊಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಎತ್ತುವ ಕೂಲಿ, ರೀವೈಂಡಿಂಗು, ಹೊಸ ಇಂಪೆಲ್ಲರ್ ಸೆಟ್ಟು, ಮತ್ತೆ ಇಳಿಸುವ ಕೂಲಿ. ಲೆಕ್ಕ ಬೇಡ ಬಿಡಿ. ಆಮೇಲೆ ಒಂದು ತಿಂಗಳು ನಾನು ಈ ಪೆಟ್ಟಿಗೆಯ ಹಿಂದೆ ಬಿದ್ದೆ. ಆಗ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ನೀರಿಲ್ಲದೆ ಓಡಿದರೆ ಮೋಟಾರಿಗೆ ಏನಾಗುತ್ತದೆ? ಬೋರೊಳಗೆ ಇಳಿಸುವ ಸಬ್‌ಮರ್ಸಿಬಲ್‌ನಲ್ಲಿ ಮೋಟಾರು ಕೆಳಗೆ, ಪಂಪು ಮೇಲೆ. ಎರಡರ ನಡುವಿನ ಜಾಲರಿಯಿಂದ ನೀರು ಒಳಗೆ ಹೋಗುತ್ತದೆ. ಪಂಪಿನ ಶಾಫ್ಟು ಕೂತು ತಿರುಗುವ ಬುಷ್‌ಗಳಿಗೆ ಎಣ್ಣೆ, ಗ್ರೀಸು ಏನೂ ಇಲ್ಲ, ಹರಿಯುವ ನೀರೇ ಅವಕ್ಕೆ ಎಣ್ಣೆ. ಮೋಟಾರಿನ ಬಿಸಿ ಕಳೆಯುವುದೂ ಅದರ ಮೈ ಸವರಿಕೊಂಡು ಮೇಲೇರುವ ನೀರೇ. ನೀರು ಜಾಲರಿಯ ಮಟ್ಟಕ್ಕೆ ಇಳಿಯಿತು ಅಂದುಕೊಳ್ಳಿ. ಕೆಳಗಿರುವ ಮೋಟಾರಿನ ಸುತ್ತ ಆಗಲೂ ನೀರು ಇರುತ್ತದೆ, ಆದರೆ ಅದು ನಿಂತ ನೀರು. ಮೊದಲು ಬುಷ್ಷು, ಇಂಪೆಲ್ಲರು ಹೋಗುತ್ತವೆ, ಆಮೇಲೆ ಆ ನಿಂತ ನೀರು ಕಾದು ಮೋಟಾರಿನ ಸರದಿ ಬರುತ್ತದೆ.

ಇಲ್ಲಿ ಬಹಳ ಜನ ಒಂದು ಮಾತು ಹೇಳುತ್ತಾರೆ, "ಎಂಸಿಬಿ ಇದೆ, ಓವರ್‌ಲೋಡ್ ಇದೆ, ಅದು ಕಟ್ ಮಾಡಲ್ವಾ?" ಮಾಡುವುದಿಲ್ಲ. ಅವೆರಡೂ ಕಾಯುವುದು ಕರೆಂಟು ಜಾಸ್ತಿ ಆಗುವುದನ್ನು. ನೀರು ಖಾಲಿ ಆದಾಗ ಕರೆಂಟು ಕಡಿಮೆ ಆಗುತ್ತದೆ. ಮಿಕ್ಸಿಯಲ್ಲಿ ಕಾಯಿ ಚಟ್ನಿ ರುಬ್ಬುವಾಗ ಮೋಟಾರು ನರಳುತ್ತದೆ, ಖಾಲಿ ಜಾರ್ ಇಟ್ಟು ತಿರುಗಿಸಿದರೆ ಹಗುರಾಗಿ ಓಡುತ್ತದೆ, ಅಲ್ವಾ? ಪಂಪೂ ಹಾಗೇ. ನೀರೇ ಅದರ ಹೊರೆ. ಹೊರೆ ಇಲ್ಲದೆ ಆರಾಮಾಗಿ ಓಡುತ್ತಲೇ ಬುಷ್ಷು ಸುಟ್ಟುಕೊಳ್ಳುತ್ತದೆ. ಓವರ್‌ಲೋಡ್ ರಿಲೇಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಡ್ರೈ ರನ್ ರಿಲೇ ಈ ಇಳಿಕೆಯನ್ನೇ ಹಿಡಿಯುತ್ತದೆ. ಅದು ನೀರನ್ನು ನೋಡುವುದೇ ಇಲ್ಲ, ಬೋರಿಗೂ ಅದಕ್ಕೂ ಸಂಬಂಧವೇ ಇಲ್ಲ. ಗೋಡೆ ಮೇಲೆ ಕೂತು ವೈರಿನಲ್ಲಿ ಹರಿಯುವ ಕರೆಂಟು ನೋಡಿ, ಕೆಳಗೆ ನೀರಿದೆಯೋ ಇಲ್ಲವೋ ಅಂತ ಊಹೆ ಮಾಡುತ್ತದೆ. ಬರುವ ತೊಂದರೆ ಹೆಚ್ಚುಕಡಿಮೆ ಎಲ್ಲವೂ ಆ ಊಹೆ ತಪ್ಪುವ ಕಡೆಯೇ ಇರುತ್ತವೆ. ಹಾಗಾಗಿ ಏನೇ ಆದರೂ ನಾನು ಮೊದಲು ಕೇಳಿಕೊಳ್ಳುವುದು, ಈಗ ಇದಕ್ಕೆ ಎಷ್ಟು ಆಂಪ್ಸ್ ಕಾಣಿಸಿರಬೇಕು?

ನಮ್ಮದು 1 ಎಚ್‌ಪಿ, ಸಿಂಗಲ್ ಫೇಸ್. ಚೆನ್ನಾಗಿ ನೀರೆತ್ತುವಾಗ 7.3 ಆಂಪ್ಸ್, ಖಾಲಿ ಓಡುವಾಗ 4.9. ಸೊನ್ನೆಗೆ ಯಾಕೆ ಇಳಿಯಲ್ಲ ಅಂದರೆ, ಮೋಟಾರಿನ ಕಾಯಿಲ್‌ನಲ್ಲಿ ಅಯಸ್ಕಾಂತ ಹುಟ್ಟಿಸಲು ಬೇಕಾದ ಕರೆಂಟು ಹೊರೆ ಇರಲಿ ಬಿಡಲಿ ಹರಿಯಲೇಬೇಕು. ಆ ಎರಡು ಅಂಕಿಗಳ ನಡುವೆ ಇರುವುದು 2.4 ಆಂಪ್ಸ್ ಮಾತ್ರ. ಎಷ್ಟು ಆಂಪ್ಸ್‌ಗಿಂತ ಕೆಳಗಿಳಿದರೆ ಮೋಟಾರು ನಿಲ್ಲಿಸಬೇಕು ಅಂತ ಹೇಳುವ ರಿಲೇಯ ತಿರುಪನ್ನು ಆ ಸಂದಿಯಲ್ಲಿ ಎಲ್ಲೋ ನಿಲ್ಲಿಸಬೇಕು. ನಾನು ನಡುವೆ, 6.1ಕ್ಕೆ ಇಟ್ಟಿದ್ದೇನೆ. ತೀರಾ ಮೇಲಿಟ್ಟರೆ ನೀರಿದ್ದರೂ ಸುಮ್ಸುಮ್ನೆ ಟ್ರಿಪ್ ಆಗುತ್ತದೆ, ತೀರಾ ಕೆಳಗಿಟ್ಟರೆ ನೀರಿಲ್ಲದಿದ್ದರೂ ಓಡುತ್ತದೆ. ನಿಮ್ಮ ಮೋಟಾರಿನ ಅಂಕಿ ಬೇರೆ ಇರುತ್ತದೆ, ನನ್ನದನ್ನು ಹಾಕಿಕೊಳ್ಳಬೇಡಿ.

ಆ ಅಂಕಿ ತಿಳಿಯಲು, ವೈರಿನ ಸುತ್ತ ಬಾಯಿ ಹಾಕಿ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಬೇಕು. ಪೆಟ್ಟಿಗೆಯ ಮುಳ್ಳು ಹಳೆಯದಾದಷ್ಟೂ ತನಗೆ ತೋಚಿದ್ದು ತೋರಿಸುತ್ತದೆ. ಪಕ್ಕದ ಮನೆಯವರಿಂದ ಮೀಟರ್ ಇಸ್ಕೊಂಡು ಬಂದು, ಪೆಟ್ಟಿಗೆಗೆ ಬರುವ ದಪ್ಪ ಕೇಬಲ್ಲಿನ ಸುತ್ತ ಅದರ ಬಾಯಿ ಹಾಕಿದೆ. ಸೊನ್ನೆ. ಮೋಟಾರು ಓಡುತ್ತಿದೆ, ನೀರು ಬೀಳುತ್ತಿದೆ, ಮೀಟರ್ ಮಾತ್ರ ಸೊನ್ನೆ. ಕೆಟ್ಟಿದೆ ಅಂತ ವಾಪಸ್ ಕೊಡಲು ಹೋದರೆ ಅವರು ನಕ್ಕರು. ಹೋಗುವ ಕರೆಂಟೂ ಬರುವ ಕರೆಂಟೂ ಒಟ್ಟಿಗೆ ಬಾಯೊಳಗಿದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಫೇಸ್ ವೈರು ಒಂದನ್ನೇ ಬಾಯೊಳಗೆ ತೂರಿಸಬೇಕು. ಸಿಂಗಲ್ ಫೇಸ್ ಪೆಟ್ಟಿಗೆಯಿಂದ ಮೋಟಾರಿಗೆ ಮೂರು ವೈರು ಹೋಗುತ್ತವೆ, ಅಲ್ಲಿ ಹಾಕಿದರೆ ಒಂದೊಂದರಲ್ಲೂ ಬೇರೆ ಬೇರೆ ಅಂಕಿ ಬಂದು ತಲೆ ಕೆಡುತ್ತದೆ. ಒಳಗೆ ಬರುವ ಫೇಸ್‌ನಲ್ಲೇ ನೋಡಿ. ಅಂದ ಹಾಗೆ ಪೆಟ್ಟಿಗೆ ಬಿಚ್ಚಿ ಕೈ ಹಾಕುವುದಿದ್ದರೆ ಎಂಸಿಬಿ ಇಳಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಉಳಿದಿರುತ್ತದೆ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ.

ಈಗ ಎಲ್ಲರೂ ಮೊದಲು ಹೇಳುವ ದೂರು: ಬೋರಲ್ಲಿ ನೀರಿದೆ, ಆದರೂ ಡ್ರೈ ರನ್ ಅಂತ ನಿಲ್ಲುತ್ತದೆ.

ನೀರಿದೆ ಅಂತ ಹೇಗೆ ಗೊತ್ತು? ಹಗ್ಗಕ್ಕೆ ತೂಕ ಕಟ್ಟಿ ಇಳಿಬಿಟ್ಟು ನೋಡಿದರೆ ನಿಂತ ನೀರಿನ ಮಟ್ಟ ಸಿಗುತ್ತದೆ. ಮೋಟಾರು ಓಡುವಾಗಿನ ಮಟ್ಟವೇ ಬೇರೆ, ಅದು ಎಷ್ಟೋ ಕೆಳಗಿರಬಹುದು. ಹಾಗಾಗಿ ನಾನು ಹಗ್ಗಕ್ಕಿಂತ ಮುಳ್ಳನ್ನು ಮತ್ತು ಪೈಪಿನ ಬಾಯನ್ನು ನಂಬುತ್ತೇನೆ. ನೀರು ನಿಜವಾಗಿ ಮುಗಿಯುತ್ತಿದ್ದರೆ ಅದಕ್ಕೆ ಒಂದು ನಡಿಗೆ ಇರುತ್ತದೆ. ಮೊದಲು ಪೈಪು ತುಂಬ ನೀರು, ಆಮೇಲೆ ಕೆಮ್ಮಿದ ಹಾಗೆ ಗಾಳಿ ಬೆರೆತು ಬಿಟ್ಟು ಬಿಟ್ಟು ನೀರು, ಅದೇ ತಾಳಕ್ಕೆ ಮುಳ್ಳು ಏಳಕ್ಕೂ ಐದಕ್ಕೂ ಕುಣಿಯುತ್ತದೆ, ಕೊನೆಗೆ ಕೆಳಗೆ ಬಂದು ನಿಲ್ಲುತ್ತದೆ. ಹೀಗೆ ಕುಣಿದು ಇಳಿದರೆ ರಿಲೇ ಹೇಳುತ್ತಿರುವುದು ನಿಜ. ಜಗಳ ಬೇಡ.

ಶುರುವಿನಿಂದಲೇ ಮುಳ್ಳು ಕೆಳಗಿದ್ದು ಒಂದು ಹನಿಯೂ ಬಾರದಿದ್ದರೆ ಬೇರೆ ಕತೆ. ಮೊದಲು ಗೇಟ್ ವಾಲ್ವ್ ನೋಡಿ. ನಗಬೇಡಿ. ಯಾರೋ ಸಂಪಿನ ಕಡೆ ತಿರುಗಿಸಲು ಹೋಗಿ ಎರಡೂ ಮುಚ್ಚಿರುತ್ತಾರೆ. ಪೈಪಿನಲ್ಲಿ ನೀರು ಹರಿಯದಿದ್ದರೆ ಪಂಪಿಗೆ ಕೆಲಸವೇ ಇಲ್ಲ, ಕರೆಂಟು ಇಳಿಯುತ್ತದೆ, ರಿಲೇಗೆ ಅದೂ ಡ್ರೈ ರನ್ ಥರವೇ ಕಾಣುತ್ತದೆ. ನೀರು ವಾಪಸ್ ಇಳಿಯದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ಹಿಡಿದುಕೊಂಡರೂ ಅಷ್ಟೇ, ಜಾಲರಿಗೆ ಕೆಸರು ಮೆತ್ತಿಕೊಂಡರೂ ಅಷ್ಟೇ. ಮೋಟಾರು ಪಂಪಿನ ನಡುವಿನ ಕಪ್ಲಿಂಗ್ ಸವೆದು ಜಾರುತ್ತಿದ್ದರೆ ಮೋಟಾರು ತಾನೊಂದೇ ತಿರುಗುತ್ತಿರುತ್ತದೆ, ಪಂಪು ಅಲ್ಲಾಡುವುದೇ ಇಲ್ಲ. ತ್ರೀ ಫೇಸ್ ಇರುವವರು ಇನ್ನೊಂದು ನೋಡಬೇಕು. ಕಂಬದ ಮೇಲೆ ಲೈನ್ ಕೆಲಸ ಮಾಡಿ ಹೋದ ಮರುದಿನದಿಂದ ಹೀಗಾಗಿದ್ದರೆ ಎರಡು ಫೇಸ್ ಅದಲು ಬದಲಾಗಿ ಮೋಟಾರು ಉಲ್ಟಾ ತಿರುಗುತ್ತಿರಬಹುದು. ನೀರು ಕಡಿಮೆ, ಆಂಪ್ಸ್ ಕಡಿಮೆ, ಬೋರಿಗೆ ಏನೂ ಆಗಿಲ್ಲ.

ಮೂರನೆಯದು ನಿಧಾನವಾಗಿ ಬರುವ ಕಾಯಿಲೆ. ಮೊದಲೆಲ್ಲ ಸರಿ ಇತ್ತು, ಈ ವರ್ಷ ಆಗಾಗ ಟ್ರಿಪ್ ಆಗುತ್ತಿದೆ, ನೀರು ಬರುತ್ತಿದೆ ಆದರೆ ಮೊದಲಿನ ಹಾಗಲ್ಲ. ಮರಳು ಬೆರೆತ ನೀರಿಗೆ ಇಂಪೆಲ್ಲರ್ ಸವೆದು ಎತ್ತುವ ನೀರೇ ಕಡಿಮೆ ಆಗಿದ್ದರೆ ತುಂಬಿದ ಹೊರೆಯ ಆಂಪ್ಸ್ ಕೂಡ ಇಳಿದಿರುತ್ತದೆ, ತಿರುಪು ಮಾತ್ರ ಹಳೆಯ ಜಾಗದಲ್ಲೇ ಇರುತ್ತದೆ. 15 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಅಂತ ಮೂರು ತಿಂಗಳಿಗೊಮ್ಮೆ ಬರೆದಿಟ್ಟರೆ ಇದು ಸುಲಭವಾಗಿ ಸಿಕ್ಕಿಬೀಳುತ್ತದೆ. ತಿರುಪು ಇಳಿಸಿ ಸುಮ್ಮನಾಗುವುದು ಸುಲಭ, ಬಹಳ ಜನ ಮಾಡುವುದೂ ಅದನ್ನೇ. ಆದರೆ ಪ್ರತಿ ಸಲ ಇಳಿಸಿದಾಗಲೂ ಅದು ಖಾಲಿ ಓಟದ ಅಂಕಿಗೆ ಹತ್ತಿರ ಹೋಗುತ್ತಿದೆ ಅನ್ನುವುದು ನೆನಪಿರಲಿ.

ಪೈಪು ತೂತಾದರೆ ಮಾತ್ರ ಲಕ್ಷಣ ಉಲ್ಟಾ. ನೀರು ಮೇಲೆ ಬರುವುದಿಲ್ಲ, ಆದರೆ ಆಂಪ್ಸ್ ಇಳಿಯುವುದೂ ಇಲ್ಲ, ಯಾಕೆಂದರೆ ಪಂಪು ನೀರೆತ್ತುತ್ತಲೇ ಇದೆ, ಎತ್ತಿದ್ದು ಬೋರೊಳಗೇ ವಾಪಸ್ ಬೀಳುತ್ತಿದೆ. ಕೇಸಿಂಗ್ ಪೈಪಿನ ಬಾಯಿಗೆ ಕಿವಿ ಇಟ್ಟರೆ ಒಳಗೆ ಜೋರು ಮಳೆಯ ಸದ್ದು ಕೇಳುತ್ತದೆ. ಇದನ್ನು ಡ್ರೈ ರನ್ ರಿಲೇ ಹಿಡಿಯುವುದಿಲ್ಲ, ಹಿಡಿಯಬೇಕು ಅಂತ ಅದನ್ನು ಬೈಯುವುದೂ ತಪ್ಪು.

ಇನ್ನು ಎರಡನೇ ದೂರು, ನೀರು ಮುಗಿದರೂ ನಿಲ್ಲುವುದಿಲ್ಲ. ಇದೇ ದುಬಾರಿ ದೂರು. ಇಲ್ಲಿ ವೋಲ್ಟೇಜ್ ಒಂದು ಆಟ ಆಡುತ್ತದೆ. ರಾತ್ರಿ ಹನ್ನೊಂದರ ಮೇಲೆ ಊರೆಲ್ಲ ಮಲಗಿದಾಗ ವೋಲ್ಟೇಜ್ 250ರ ಹತ್ತಿರ ಹೋಗುವ ಕಡೆಗಳಿವೆ. ನೀರೆತ್ತುವಾಗಿನ ಆಂಪ್ಸ್ ಅದರಿಂದ ಅಷ್ಟಾಗಿ ಬದಲಾಗದಿದ್ದರೂ ಖಾಲಿ ಓಟದ ಆಂಪ್ಸ್ ಏರಿಬಿಡುತ್ತದೆ, ಅಯಸ್ಕಾಂತಕ್ಕೆ ಹೋಗುವ ಕರೆಂಟು ಜಾಸ್ತಿ ಆಗುವುದರಿಂದ. ಹಗಲಲ್ಲಿ ಪರೀಕ್ಷೆ ಮಾಡಿ ಕಷ್ಟಪಟ್ಟು ಇಟ್ಟ ತಿರುಪಿನ ಮೇಲಕ್ಕೆ ಅದು ಹತ್ತಿದರೆ ರಿಲೇ ನೀರಿದೆ ಅಂತಲೇ ಅಂದುಕೊಂಡು ಬೆಳಗಿನವರೆಗೆ ಓಡಿಸುತ್ತದೆ. ರನ್ ಕೆಪಾಸಿಟರ್ ಹಳೆಯದಾದಾಗಲೂ ಹೀಗೇ ಆಂಪ್ಸ್ ಲೆಕ್ಕ ತಪ್ಪುತ್ತದೆ, ಬದಲಿಸಿದ ಮೇಲೆ ಎರಡೂ ಅಂಕಿ ಹೊಸದಾಗಿ ಅಳೆಯಬೇಕು.

ಇದಕ್ಕೇ ಈಗಿನ ಕೆಲವು ಪೆಟ್ಟಿಗೆಗಳು ಆಂಪ್ಸ್ ಒಂದನ್ನೇ ನೋಡದೆ ಪವರ್ ಫ್ಯಾಕ್ಟರ್ ಅಥವಾ ವ್ಯಾಟ್ ನೋಡುತ್ತವೆ. ಅಯಸ್ಕಾಂತಕ್ಕೆ ಹೋಗುವ ಕರೆಂಟು ಹೋಗಿ ಬಂದು ಮಾಡುತ್ತದೆಯೇ ಹೊರತು ಕೆಲಸಕ್ಕೆ ಲೆಕ್ಕವಿಲ್ಲ. ಅದನ್ನು ಬಿಟ್ಟು ನಿಜವಾಗಿ ದುಡಿಯುವ ಪಾಲನ್ನಷ್ಟೇ ನೋಡಿದರೆ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ನಮ್ಮ ಮೋಟಾರನ್ನೇ ತೆಗೆದುಕೊಂಡರೆ ಅಂದಾಜು 1500 ವ್ಯಾಟ್‌ನಿಂದ 600ರ ಆಸುಪಾಸಿಗೆ. ಆಂಪ್ಸ್ ಮೂರನೇ ಒಂದು ಪಾಲು ಇಳಿದರೆ ವ್ಯಾಟ್ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. ಹೊಸ ಪೆಟ್ಟಿಗೆ ಕೊಳ್ಳುವವರು ಈ ಥರದ್ದೇ ಕೇಳಿ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಮೋಟಾರು ಸುಟ್ಟಿದ್ದು ಇದ್ಯಾವುದರಿಂದಲೂ ಅಲ್ಲ. ಪೆಟ್ಟಿಗೆಯೊಳಗೆ ಕಾಂಟ್ಯಾಕ್ಟರ್ ಅಂತ ಒಂದು ಇರುತ್ತದೆ, ಟಕ್ ಅಂತ ಸದ್ದು ಮಾಡುವುದು ಅದೇ. ಅದರ ಕಾಯಿಲ್‌ಗೆ ಕರೆಂಟು ಇರುವಷ್ಟು ಹೊತ್ತು ಮೋಟಾರು ಓಡುತ್ತದೆ. ಆ ಕರೆಂಟು ಸ್ಟಾಪ್ ಬಟನ್ನು, ಓವರ್‌ಲೋಡು, ಡ್ರೈ ರನ್ ರಿಲೇ, ಹೀಗೆ ಒಂದಾದ ಮೇಲೊಂದರಂತೆ ಎಲ್ಲವನ್ನೂ ಹಾದು ಬರಬೇಕು. ಯಾವುದೇ ಒಂದು ಬಾಗಿಲು ಮುಚ್ಚಿದರೂ ನಿಲ್ಲಬೇಕು. ಹಿಂದಿನ ದೀಪಾವಳಿಗೆ ಟ್ಯಾಂಕು ತುಂಬಿ ಹರಿಯದಿರಲಿ ಅಂತ ಲೆವೆಲ್ ಕಂಟ್ರೋಲರ್ ಹಾಕಿಸಿದ್ದೆವು. ಹಾಕಲು ಬಂದವನು ಅದರ ವೈರನ್ನು ತಂದು ನೇರ ಕಾಯಿಲ್‌ಗೇ ಕೊಟ್ಟಿದ್ದ. ಟ್ಯಾಂಕು ಖಾಲಿ ಇದ್ದರೆ ಕಾಯಿಲ್‌ಗೆ ಆ ಬಳಸು ದಾರಿಯಿಂದ ಕರೆಂಟು. ರಿಲೇ ತನ್ನ ಬಾಗಿಲು ಮುಚ್ಚಿ ಕೆಂಪು ದೀಪ ಹಚ್ಚಿಕೊಂಡು ಕೂತಿದೆ, ಕರೆಂಟು ಹಿತ್ತಲ ಬಾಗಿಲಿಂದ ಓಡಾಡುತ್ತಿದೆ. ಬೋರು ಬತ್ತಿದ್ದರಿಂದ ಟ್ಯಾಂಕು ತುಂಬುವ ಮಾತೇ ಇಲ್ಲ, ಹಾಗಾಗಿ ನಿಲ್ಲುವ ಮಾತೂ ಇಲ್ಲ. ಆರು ತಿಂಗಳು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಆರು ತಿಂಗಳೂ ಬೋರಲ್ಲಿ ನೀರಿತ್ತು.

ಇದನ್ನು ಮೊದಲೇ ಕಂಡುಹಿಡಿಯಲು ಬೋರು ಬತ್ತುವವರೆಗೆ ಕಾಯಬೇಕಿಲ್ಲ. ಕೆಲವರು ವಾಲ್ವ್ ಮುಚ್ಚಿ ಪರೀಕ್ಷೆ ಮಾಡಿ ಅನ್ನುತ್ತಾರೆ, ನನಗೆ ಅದು ಇಷ್ಟವಿಲ್ಲ, ಪ್ರೆಶರ್‌ಗೆ ಪೈಪಿನ ಜಾಯಿಂಟು ಬಿಟ್ಟರೆ ಇನ್ನೊಂದು ತಲೆನೋವು. ಚೆನ್ನಾಗಿ ನೀರು ಬರುತ್ತಿರುವಾಗಲೇ ರಿಲೇಯ ತಿರುಪನ್ನು ಮೇಲಕ್ಕೆ, ಓಡುತ್ತಿರುವ ಆಂಪ್ಸ್‌ಗಿಂತ ಮೇಲಕ್ಕೆ ತಿರುಗಿಸಿ. ಈಗ 7.3 ಕೂಡ ಅದಕ್ಕೆ ಕಡಿಮೆ ಅನಿಸುತ್ತದೆ. ರಿಲೇ ಟ್ರಿಪ್ ಮಾಡುವ ಮೊದಲು ಕಾಯುವ ಹೊತ್ತು, ಅಂದರೆ ಡಿಲೇ, ಮುಗಿದ ಮೇಲೆ ಟಕ್ ಅಂತ ಮೋಟಾರು ನಿಲ್ಲಬೇಕು. ದೀಪ ಹತ್ತಿ ಮೋಟಾರು ನಿಲ್ಲದಿದ್ದರೆ ಎಲ್ಲೋ ಬಳಸು ದಾರಿ ಇದೆ, ಅಥವಾ ಕಾಂಟ್ಯಾಕ್ಟರ್‌ನ ಪಾಯಿಂಟುಗಳು ಬೆಸೆದುಕೊಂಡಿವೆ. ದೀಪವೇ ಹತ್ತದಿದ್ದರೆ ರಿಲೇಯೇ ಕೆಟ್ಟಿದೆ, ಇಲ್ಲವೇ ಕರೆಂಟು ಅಳೆಯುವ ಬಳೆಯೊಳಗೆ ವೈರು ಹೋಗಿಲ್ಲ. ಪರೀಕ್ಷೆ ಆದಮೇಲೆ ತಿರುಪನ್ನು ವಾಪಸ್ ಇಡುವುದನ್ನು ಮರೆಯಬೇಡಿ, ನಾನು ಒಮ್ಮೆ ಮರೆತು ಬೆಳಿಗ್ಗೆ ಸ್ನಾನಕ್ಕೆ ನೀರಿಲ್ಲದೆ ಮನೆಯವರ ಕೈಲಿ ಅನ್ನಿಸಿಕೊಂಡಿದ್ದೇನೆ. ಲೆವೆಲ್ ಕಂಟ್ರೋಲರ್ ಇದ್ದರೆ ಪರೀಕ್ಷೆಯನ್ನು ಎರಡು ಸಲ ಮಾಡಬೇಕು, ಒಮ್ಮೆ ಬಟನ್ ಒತ್ತಿ ಓಡಿಸಿ, ಒಮ್ಮೆ ಆಟೋದಲ್ಲಿ.

ಟ್ರಿಪ್ ಆದಮೇಲೆ ಮತ್ತೆ ಯಾವಾಗ ಓಡಬೇಕು ಅನ್ನುವುದು ಇನ್ನೊಂದು ತಕರಾರು. ತಾನಾಗೇ ಮತ್ತೆ ಶುರುವಾಗುವ ಪೆಟ್ಟಿಗೆಗಳಲ್ಲಿ ಎಷ್ಟು ನಿಮಿಷ ಕಾಯಬೇಕು ಅಂತ ನಾವೇ ಇಡಬೇಕು. ಐದು ನಿಮಿಷ ಇಟ್ಟವರನ್ನೂ ನೋಡಿದ್ದೇನೆ. ಒಂದು ಲೆಕ್ಕ ಹಾಕಿ. ಆರೂವರೆ ಇಂಚಿನ ಬೋರಿನಲ್ಲಿ ಒಂದಡಿಗೆ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ, ನೆನಪಿಡಲು ಸುಲಭ. ಮೋಟಾರಿನ ಮೇಲೆ 100 ಅಡಿ ನೀರಿದ್ದರೆ 650 ಲೀಟರ್. ಪಂಪು ನಿಮಿಷಕ್ಕೆ 40 ಲೀಟರ್ ಎತ್ತುತ್ತದೆ, ಬಂಡೆಯ ಬಿರುಕಿನಿಂದ ನಿಮಿಷಕ್ಕೆ 10 ಲೀಟರ್ ಬರುತ್ತದೆ ಅಂದರೆ ನಿಮಿಷಕ್ಕೆ 30 ಲೀಟರ್ ಕಡಿಮೆ ಆಗುತ್ತಾ ಹೋಗಿ ಇಪ್ಪತ್ತೆರಡು ನಿಮಿಷಕ್ಕೆ ಖಾಲಿ. ಮತ್ತೆ ತುಂಬಲು 65 ನಿಮಿಷ ಬೇಕು, ನಿಜವಾಗಿ ಇನ್ನೂ ಜಾಸ್ತಿ, ನೀರು ಮೇಲೇರಿದ ಹಾಗೆ ಬರುವ ವೇಗ ಕಡಿಮೆ ಆಗುತ್ತದೆ. ಐದು ನಿಮಿಷಕ್ಕೆ ಶುರು ಮಾಡಿದರೆ ಬಂದಿರುವುದು 50 ಲೀಟರ್, ಅದು ಎರಡು ನಿಮಿಷವೂ ಬರುವುದಿಲ್ಲ. ದಿನಪೂರ್ತಿ ಮೋಟಾರು ಹೀಗೆ ಹತ್ತಿ ಆರಿ ಮಾಡುತ್ತಿದ್ದರೆ ಪ್ರತಿ ಸಲವೂ ಶುರುವಿನ ಜೋರು ಕರೆಂಟು ಮೋಟಾರಿನ ಕಾಯಿಲ್‌ಗೆ, ಪ್ರತಿ ಸಲವೂ ಕೊನೆಯ ಕೆಲವು ಸೆಕೆಂಡ್ ಒಣ ಓಟ ಬುಷ್‌ಗೆ. ನಾನು ಒಂದೂವರೆ ಗಂಟೆ ಇಟ್ಟಿದ್ದೇನೆ. ಕೆಲವು ಪೆಟ್ಟಿಗೆಗಳು ಕರೆಂಟು ಹೋಗಿ ಬಂದರೆ ಈ ಲೆಕ್ಕ ಮರೆತು ತಕ್ಷಣ ಓಡಲು ಶುರು ಮಾಡುತ್ತವೆ, ಎಂಸಿಬಿ ಇಳಿಸಿ ಏರಿಸಿ ನಿಮ್ಮದು ಹೇಗೆ ಅಂತ ನೋಡಿಕೊಳ್ಳಿ.

ಬಂಡೆ ನೆಲದ ಬೋರುಗಳು ಹೀಗೇ. ನೀರು ಬಿರುಕಿನಲ್ಲಿ ಮಾತ್ರ, ಆ ಬಿರುಕು ಬತ್ತಿದರೆ ನಿನ್ನೆ ಇದ್ದ ನೀರು ಇವತ್ತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಬೋರುಗಳು ಸಾಲಾಗಿ ಕೈಕೊಟ್ಟಿದ್ದು ನೆನಪಿರಬೇಕಲ್ಲ.

ಆಂಪ್ಸ್ ಗೊಡವೆಯೇ ಬೇಡ, ಬೋರೊಳಗೆ ನೀರನ್ನೇ ಮುಟ್ಟಿ ನೋಡುವ ಸೆನ್ಸರ್ ಇಳಿಸೋಣ ಅನ್ನುವವರಿದ್ದಾರೆ. ಒಳ್ಳೆಯದೇ, ಪಂಪಿನ ಮೇಲೆ ಹತ್ತಡಿ ಬಿಟ್ಟು ಕಟ್ಟಿದರೆ ನೀರು ಪಂಪಿನವರೆಗೆ ಇಳಿಯುವ ಮೊದಲೇ ನಿಲ್ಲುತ್ತದೆ. ಆದರೆ ಅದಕ್ಕೂ ಕಣ್ಣು ಮಂಜಾಗುತ್ತದೆ. ನಮ್ಮ ಗಡಸು ನೀರಿನ ಸುಣ್ಣ ಮೆತ್ತಿಕೊಂಡರೆ ನೀರಿದ್ದರೂ ಇಲ್ಲ ಅನ್ನುತ್ತದೆ, ಮೇಲಿನ ಬಿರುಕಿನಿಂದ ಜಿನುಗುವ ನೀರು ಅದರ ಮೈಮೇಲೆ ಇಳಿಯುತ್ತಿದ್ದರೆ ಅಥವಾ ವೈರಿನ ಜಾಯಿಂಟಿಗೆ ನೀರು ಹೊಕ್ಕರೆ ಇಲ್ಲದ ನೀರನ್ನು ಇದೆ ಅನ್ನುತ್ತದೆ. ಸ್ವಚ್ಛ ಮಾಡಬೇಕೆಂದರೆ ಮೇಲೆ ಎತ್ತಬೇಕು. ಗೋಡೆ ಮೇಲಿನ ಪೆಟ್ಟಿಗೆಯ ತಿರುಪಾದರೆ ಚಪ್ಪಲಿ ಹಾಕಿಕೊಂಡು ಹೋಗಿ ತಿರುಗಿಸಿ ಬರಬಹುದು.

ಈಗ ನಮ್ಮ ಪೆಟ್ಟಿಗೆಯ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ. ತುಂಬಿದ್ದು 7.3, ಖಾಲಿ 4.9, ತಿರುಪು 6.1, ಬಕೆಟ್ 22 ಸೆಕೆಂಡ್, ಅಳೆದ ದಿನದ ವೋಲ್ಟೇಜ್ 228. ಮೊನ್ನೆ ಬಕೆಟ್ ತುಂಬಲು 26 ಸೆಕೆಂಡ್ ತೆಗೆದುಕೊಂಡಿತು, ಆಂಪ್ಸ್ 7ಕ್ಕೆ ಇಳಿದಿದೆ. ಎರಡನ್ನೂ ತಾರೀಖು ಹಾಕಿ ಕೆಳಗೆ ಬರೆದಿದ್ದೇನೆ. ತಿರುಪು ಇನ್ನೂ ಮುಟ್ಟಿಲ್ಲ.